ಜೋಡೆತ್ತಿನ ಬೆವರು

ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಗ್ರಾಫಿಕ್ಸ್ ಕಾರ್ಡಿಗೆ ಕೂಲರ್ ಕೊಳ್ಳುವವನು ಮಾತ್ರ ಫ್ಯಾನಿನ ಬಣ್ಣದ ದೀಪ ನೋಡಿ ಮನಸೋಲುತ್ತಾನೆ. ಒಂದೇ ಕಾರ್ಡಿದ್ದರೆ ಹೇಗೋ ನಡೆದೀತು. ಎರಡಿದ್ದು, ಎರಡನ್ನೂ ಓವರ್‌ಕ್ಲಾಕ್ ಮಾಡಿ, ಆ ಡಬ್ಬಿಯನ್ನು ಕಡೂರಿನ ಬಯಲು ಬಿಸಿಲಲ್ಲೋ ಅಜ್ಜಂಪುರದ ಶೀಟಿನ ಮನೆಯಲ್ಲೋ ಇಟ್ಟರೆ, ಯಾವ ಕೂಲರ್ ಬಲಶಾಲಿ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಕೇಳಬೇಕಾದದ್ದು, ಯಾರ ಉಸಿರು ಯಾರ ಮುಖಕ್ಕೆ ಬಡಿಯುತ್ತಿದೆ ಎಂದು. ಅಮೃತಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೈದರ್, ಟಿಪ್ಪು ಇವರ ಫಿರಂಗಿ ಎಳೆದ ಆ ಎತ್ತುಗಳು ಬಲವಿದ್ದದ್ದರಿಂದ ಮಾತ್ರ ಗೆದ್ದವಲ್ಲ, ಜೊತೆಯಾಗಿ ನಡೆದದ್ದರಿಂದ ಗೆದ್ದವು.

ಎರಡು ಕಾರ್ಡಿನ ಕಷ್ಟವೂ ನೊಗದ ಕಷ್ಟವೇ. ಕಾರ್ಡುಗಳನ್ನು ಜೋಡಿ ಹೂಡುವ ಎಸ್‌ಎಲ್‌ಐ ಎಂಬ ವ್ಯವಸ್ಥೆಯನ್ನು ಎನ್‌ವಿಡಿಯಾ 2004ರಲ್ಲಿ ತಂದಾಗ ರೂಢಿಯಾದ ಕ್ರಮದಲ್ಲಿ ಒಂದು ಕಾರ್ಡ್ ಒಂದು ಚಿತ್ರ ಬಿಡಿಸಿದರೆ ಮುಂದಿನದನ್ನು ಮತ್ತೊಂದು ಬಿಡಿಸಬೇಕು. ಒಂದು ಕುಂಟಿದರೆ ಇನ್ನೊಂದು ನಿಂತು ಕಾಯಬೇಕು. ಕುಂಟುವುದು ಸಾಮಾನ್ಯವಾಗಿ ಮೇಲಿನದೇ: ಕೆಳಗಿನದರ ಬೆನ್ನಿನ ಕಾವನ್ನೇ ಅದು ಉಸಿರಾಡಬೇಕು. ಮಿತಿ ಮೀರಿ ಕಾದಾಗ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಮೇಲೆ ನಾವು ಕೊಟ್ಟ ಓವರ್‌ಕ್ಲಾಕು ದಣಿದ ಎತ್ತಿಗೆ ಬೀಸಿದ ಬಾರುಕೋಲಷ್ಟೇ.

ಬಾರುಕೋಲಿನ ಲೆಕ್ಕವನ್ನೂ ನೋಡಿಬಿಡೋಣ. ಚಿಪ್ಪು ತಿನ್ನುವ ವಿದ್ಯುತ್ತು ಹೆಚ್ಚುಕಡಿಮೆ ವೇಗದಷ್ಟೂ ವೋಲ್ಟೇಜಿನ ವರ್ಗದಷ್ಟೂ ಏರುತ್ತದೆ. ವೇಗ ನೂರಕ್ಕೆ ಹತ್ತು, ಅದನ್ನು ತಾಳಿಸಲು ವೋಲ್ಟೇಜು ನೂರಕ್ಕೆ ಹತ್ತು ಏರಿಸಿದರೆ ಬಿಸಿ ನೂರಕ್ಕೆ ಮೂವತ್ತಮೂರು ಏರುತ್ತದೆ. 250 ವ್ಯಾಟಿನ ಎರಡು ಕಾರ್ಡು 500 ವ್ಯಾಟ್ ಇದ್ದದ್ದು 665ರ ಹತ್ತಿರ ಹೋಗುತ್ತದೆ. ಸಾದಾ ಇಸ್ತ್ರಿಪೆಟ್ಟಿಗೆಯೇ 750 ವ್ಯಾಟು, ಅದಾದರೂ ಅಂಗಿಯ ಸುಕ್ಕು ತೆಗೆಯುತ್ತದೆ. ಹತ್ತಕ್ಕೆ ಮೂವತ್ತಮೂರು ಬಡ್ಡಿ ಕೊಡುವ ಈ ಸಾಲವನ್ನು ತರೀಕೆರೆ ಸಂತೆಯಲ್ಲಿ ಯಾರೂ ಮಾಡಲಾರರು.

ಹಾಗಾದರೆ ಮೂರು ಫ್ಯಾನಿನ ದೊಡ್ಡ ಕೂಲರ್ ಹಾಕಿದರಾಯಿತಲ್ಲ ಎನ್ನಬಹುದು. ಒಂಟಿ ಕಾರ್ಡಿಗೆ ಅದು ನಿಜಕ್ಕೂ ಒಳ್ಳೆಯದು. ಆದರೆ ಅದು ಬಿಸಿಗಾಳಿಯನ್ನು ಡಬ್ಬಿಯೊಳಗೇ ಚೆಲ್ಲುತ್ತದೆ, ಪಕ್ಕದವನು ಕುಡಿಯಲಿ ಎಂದು. ಜೊತೆಗೆ ದಪ್ಪ: ಒಂದೊಂದೂ ಮೂರು ಸ್ಲಾಟ್ ನುಂಗಿದರೆ ಎರಡಕ್ಕೆ ಆರು, ಎಟಿಎಕ್ಸ್ ಅಳತೆಯಲ್ಲಿ ಇರುವುದೇ ಏಳು. ನಡುವೆ ಗಾಳಿಗೆಂದು ಉಳಿಯುವುದು ಕಾರ್ಡು ಬೆವರೊರೆಸಿಕೊಳ್ಳಲೂ ಸಾಲದ ಸಂದು. ಬಿಸಿಯನ್ನು ನೇರ ಹಿಂಬದಿಯಿಂದ ಹೊರಗಟ್ಟುವ ಬ್ಲೋವರ್ ಕೂಲರ್ ಅಕ್ಕಿಗಿರಣಿಯಂತೆ ಕೂಗುತ್ತದೆ, ನಿಜ. ಆದರೂ ಇಬ್ಬರು ಒಂದೇ ಕೋಣೆಯಲ್ಲಿ ಮಲಗಬೇಕಾದಾಗ ಗೊರಕೆಯವನಿಗಿಂತ ಜ್ವರದವನೇ ಹೆಚ್ಚು ತೊಂದರೆ.

ನೀರಿನ ಪಕ್ಷದವರ ವಾದ ಇದಕ್ಕಿಂತ ಗಟ್ಟಿ. ಎರಡು ಕಾರ್ಡಿಗೂ ವಾಟರ್ ಬ್ಲಾಕ್ ಕೂರಿಸಿದರೆ ಉಸಿರಿನ ಜಗಳವೇ ಮುಗಿಯಿತು, ಒಪ್ಪುತ್ತೇನೆ. ಆದರೆ ನೀರು ಬಿಸಿಯನ್ನು ಕೊಲ್ಲುವುದಿಲ್ಲ, ಹೊತ್ತು ರೇಡಿಯೇಟರಿಗೆ ಒಪ್ಪಿಸುತ್ತದೆ, ರೇಡಿಯೇಟರು ಕೋಣೆಗೆ. ಕೋಣೆ 35 ಡಿಗ್ರಿ ಇದ್ದರೆ ಆ ನೀರು 35ಕ್ಕಿಂತ ಕೆಳಗಿಳಿಯದು. ಕಡೂರಿನ ಮಣ್ಣಿನ ಹೂಜಿ ಈ ಸಾಹಸ ಮಾಡುತ್ತದೆ, ಏಕೆಂದರೆ ಅದು ಬೆವರುತ್ತದೆ. ರೇಡಿಯೇಟರು ಬೆವರಿದರೆ ಅದಕ್ಕೆ ಸೋರಿಕೆ ಎಂದು ಹೆಸರು. ಮೇಲಾಗಿ ಕೊಳಾಯಿಗೆ ಬೋರ್‌ವೆಲ್ ನೀರು ತುಂಬುವಂತಿಲ್ಲ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಬೇಕು. ತೆಂಗಿನ ತೋಟಕ್ಕೆ ನೀರು ಹುಡುಕಿ ಸುಸ್ತಾದ ಸೀಮೆಯಲ್ಲಿ ಕಾರ್ಡುಗಳು ಮಾತ್ರ ಇಷ್ಟು ಮಡಿವಂತಿಕೆ ತೋರಿಸುವುದು ಸ್ವಲ್ಪ ಅತಿಯಾಯಿತು.

ಎಸ್‌ಎಲ್‌ಐ ಸತ್ತುಹೋಯಿತಲ್ಲ, ಈಗೇಕೆ ಈ ಚಿಂತೆ ಎನ್ನುವವರಿದ್ದಾರೆ. 2021ರಿಂದ ಎನ್‌ವಿಡಿಯಾ ಅದಕ್ಕೆ ಹೊಸ ಪ್ರೊಫೈಲ್ ಸೇರಿಸುವುದನ್ನು ನಿಲ್ಲಿಸಿದ್ದು ಹೌದು. ಆದರೆ ಆಟ ಬಿಟ್ಟ ಜೋಡಿಯನ್ನು ಈಗ ಅನಿಮೇಷನ್ನಿಗೂ ಎಐ ಮಾದರಿಗಳಿಗೂ ಹೂಡುತ್ತಿದ್ದಾರೆ. ಆಟ ಅರ್ಧ ಗಂಟೆಗೆ ಬೇಸರ ಬಂದು ನಿಲ್ಲುತ್ತಿತ್ತು, ಈ ಕೆಲಸ ರಾತ್ರಿಯಿಡೀ ನಡೆಯುತ್ತದೆ. ಹಾಗಾಗಿ ನನ್ನ ಮತ ಇದು: ಮೊದಲು ವೋಲ್ಟೇಜು ಇಳಿಸಿ, ಕಾರ್ಡುಗಳ ನಡುವೆ ಒಂದು ಸ್ಲಾಟು ಖಾಲಿ ಬಿಡಿ, ಬ್ಲೋವರ್ ಹಾಕಿ, ಡಬ್ಬಿಯ ಬೆನ್ನನ್ನು ಕಿಟಕಿಗೆ ತಿರುಗಿಸಿ. ಕಡೂರಿನಲ್ಲಾದರೆ ಧೂಳನ್ನು ಆಗಾಗ ಊದಬೇಕು; ತರೀಕೆರೆಯಲ್ಲಾದರೆ ಮಳೆಗಾಲದ ಎರಚಲಿಗೆ ಕಿಟಕಿ ಮುಚ್ಚುವುದನ್ನು ಮರೆಯಬಾರದು.

ಇಷ್ಟೆಲ್ಲ ಯಾಕೆ, ಕೆಮ್ಮಣ್ಣುಗುಂಡಿಗೇ ಹೊತ್ತೊಯ್ದರಾಯಿತು ಎನ್ನುವ ಹಟಮಾರಿಗಳಿಗೂ ಉತ್ತರ ಕೊಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರೇ ಬೇಸಿಗೆಗೆ ಅಲ್ಲಿಗೆ ಹೋಗುತ್ತಿದ್ದರು, ಕಾರ್ಡಿಗೇನು ಕಡಿಮೆ! ಕಡೂರು ಸುಮಾರು 760 ಮೀಟರ್ ಎತ್ತರ, ಕೆಮ್ಮಣ್ಣುಗುಂಡಿ 1,434. ಕಿಲೋಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ಲಾಭ ನಾಲ್ಕು ಡಿಗ್ರಿ ಚಿಲ್ಲರೆ. ಅಲ್ಲಿ ಗಾಳಿಯೂ ತೆಳು, ಫ್ಯಾನು ಅಷ್ಟೇ ಸುತ್ತಿದರೂ ಕಡಿಮೆ ಬಿಸಿ ಹೊರುತ್ತದೆ. ಆ ಬಾಬ್ತು ಕಳೆದು ಉಳಿದ ಪುಡಿ ಡಿಗ್ರಿಗಾಗಿ, ತರೀಕೆರೆಯಿಂದ ಲಿಂಗದಹಳ್ಳಿ ದಾಟಿ, ಘಾಟಿಯ ತಿರುವು ತಿರುವಿಗೂ ಆ ಗಾಜಿನ ಡಬ್ಬಿಯನ್ನು ತೊಡೆಯ ಮೇಲೆ ತಬ್ಬಿಕೊಂಡು ಕೂರಬೇಕು.