ಬೇಸಿಗೆಗೆ ಹೊರಟ ಅಯ್ಯನವರಿಗೆ ತಾಂಡ್ಯದ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮೇಲೆ ಕುರ್ಚಿ ಸಿಗದೆ ಮೊದಲ ಸಾಲಿನಲ್ಲಿ ಮುನಿಸಿಕೊಂಡು ಕೂತಿರುವ ಗಣ್ಯರೇ, ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ಇಲ್ಲಿಗೆ ಬಂದು ಕೊನೆಯ ಸಾಲಿನಲ್ಲಿ ತೂಕಡಿಸುತ್ತಿರುವ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಮಿಕ ಬಂಧುಗಳೇ,

ಈ ಬಿನ್ನವತ್ತಳೆಯಲ್ಲಿ ಸನ್ಮಾನಿತರ ಹೆಸರಿನ ಜಾಗ ಖಾಲಿ ಇದೆ. ಅದು ಅಚ್ಚಿನವರ ತಪ್ಪಲ್ಲ, ಸಮಿತಿಯ ಮುಂದಾಲೋಚನೆ. ಬೇಸಿಗೆಯ ಎರಡು ತಿಂಗಳ ಮಟ್ಟಿಗೆ ಪರದೇಶಕ್ಕೆ ಪಾಠ ಹೇಳಲು ಹೊರಡುವ ಸಭಾಪಾಲಕರು ಈಗ ಅಪರೂಪವೇನಲ್ಲ. ಒಂದೇ ಫಲಕ ಮಾಡಿಸಿಟ್ಟುಕೊಂಡರೆ ನಂಜನಗೂಡಿನವರೂ ತಿ. ನರಸೀಪುರದವರೂ ಸರದಿಯ ಮೇಲೆ ಹೆಸರು ಬರೆದುಕೊಂಡು ಓದಬಹುದು, ಚೌಕಟ್ಟಿನ ಖರ್ಚು ಹಂಚಿಹೋಗುತ್ತದೆ. ಈ ಸಲದ ಸರದಿ ದಕ್ಷಿಣ ಜರ್ಮನಿಗೆ ಹೊರಟ ಅಯ್ಯನವರದ್ದು. ಅವರು ಹಾರದ ಭಾರಕ್ಕೆ ಕತ್ತು ಬಗ್ಗಿಸಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಅಮ್ಮನವರು ಗಡಿಯಾರ ನೋಡುತ್ತಿದ್ದಾರೆ.

ಅಲ್ಲಿ ಬೇಸಿಗೆ ಶುರುವಾಗುವುದು ಇಲ್ಲಿ ಮುಂಗಾರು ಹಿಡಿದ ಮೇಲೆ. ಕಬಿನಿ ತುಂಬಿ, ನೀರು ಬಿಟ್ಟು, ನಂಜನಗೂಡಿನ ಸ್ನಾನಘಟ್ಟ ಮುಳುಗುವ ಹೊತ್ತಿಗೆ ಅಯ್ಯನವರು ರಾತ್ರಿ ಒಂಬತ್ತಾದರೂ ಹೊತ್ತು ಮುಳುಗದ ಊರಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಇದನ್ನು ಯಾರೂ ಹೇಳದಿದ್ದ ಕಾರಣ ಮಹಿಳಾ ಸಂಘದವರು ಎರಡು ಸ್ವೆಟರು, ಒಂದು ಮಂಕಿ ಟೋಪಿ ಹೆಣೆದು ತಂದಿದ್ದಾರೆ. ಹೆಣೆದದ್ದನ್ನು ಬಿಚ್ಚಲಾಗದು. ಅಯ್ಯನವರು ಫೋಟೋಗಾದರೂ ಒಮ್ಮೆ ಹಾಕಿಕೊಳ್ಳಬೇಕೆಂದು ಸಂಘದ ಒತ್ತಾಯ.

ಇನ್ನು ಕಾಣಿಕೆಗಳ ವಿಚಾರ. ಊರಿನ ಪ್ರೋತ್ಸಾಹವೆಂದರೆ ಮೊದಲು ಪೆಟ್ಟಿಗೆಯ ತೂಕ, ಆಮೇಲೆ ಮಾತು. ಕೊಟ್ಟವರ ಪಟ್ಟಿಯಲ್ಲಿ ಮೊದಲು ಬರುವುದು ಮನೆಯಲ್ಲಿ ಕಾಯಿಸಿದ ಎರಡು ಕೆ.ಜಿ. ತುಪ್ಪ. ವಿಷಾದದ ಸಂಗತಿಯೆಂದರೆ ಯುರೋಪಿನ ಒಕ್ಕೂಟದವರು ಹೊರಗಿನಿಂದ ಬರುವ ಪ್ರಯಾಣಿಕರ ಕೈಯಲ್ಲಿ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಳಗೆ ಬಿಡುವುದಿಲ್ಲ. ತುಪ್ಪ ಇಲ್ಲೇ ಉಳಿಯುತ್ತದೆ. ಸಮಿತಿ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿದೆ. ಎರಡನೆಯದು ನಂಜನಗೂಡು ಹಲ್ಲುಪುಡಿ. ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದಾಗಿನಿಂದ ಮೈಸೂರು ಸೀಮೆಯ ಹಲ್ಲುಗಳನ್ನು ತಿಕ್ಕಿಸಿದ ಹೆಮ್ಮೆ ಆ ಊರಿನದು. ಆದರೆ ಲೇಬಲ್ಲಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಅರ್ಧ ಕೆ.ಜಿ. ಗುಲಾಬಿ ಪುಡಿ ಏನೆಂಬುದನ್ನು ಫ್ರಾಂಕ್‌ಫರ್ಟಿನ ಕಸ್ಟಮ್ಸ್‌ನವರಿಗೆ ಬಿಡಿಸಿ ಹೇಳುವ ಜವಾಬ್ದಾರಿ ಅಯ್ಯನವರದೇ. ಅಂಗಡಿಯ ಡಬ್ಬಿಯಲ್ಲೇ ಒಯ್ಯುವುದು ವಾಸಿ.

ಮೂರನೆಯದು ರಸಬಾಳೆ. ಇಲ್ಲೊಂದು ಸೋಜಿಗವಿದೆ. ಹೊರಗಿನ ಹಣ್ಣು ಹಂಪಲಿಗೆ ಗಿಡದ ರೋಗವಿಲ್ಲವೆಂಬ ಪ್ರಮಾಣಪತ್ರ ಕೇಳುವ ಯುರೋಪಿನವರು ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ: ಅನಾನಸ್, ತೆಂಗು, ಖರ್ಜೂರ, ದುರಿಯನ್, ಬಾಳೆ. ಮಾವಿನ ಹಣ್ಣಿಗಿಲ್ಲದ ಮರ್ಯಾದೆ ಬಾಳೆಗಿದೆ. ಹಾಗಾಗಿ ನಂಜನಗೂಡು ರಸಬಾಳೆ ಯಾವ ಕಾಗದವೂ ಇಲ್ಲದೆ ಜರ್ಮನಿಯ ಬಾಗಿಲು ದಾಟಬಲ್ಲದು. ಅಡ್ಡಿ ಇರುವುದು ಈ ಕಡೆಗೆ. ಭೌಗೋಳಿಕ ಗುರುತು ಸಿಕ್ಕರೂ ಪನಾಮಾ ಸೊರಗು ರೋಗ ತಗುಲಿ ತೋಟಗಳು ಕರಗಿವೆ. ದೇವರಸನಹಳ್ಳಿಯ ಸುತ್ತಲೂ ಅಲೆದ ಸಮಿತಿಯ ಖಜಾಂಚಿ ತಂದದ್ದು ಏಲಕ್ಕಿ ಬಾಳೆ. ಅದನ್ನೇ ರಸಬಾಳೆಯೆಂದು ಭಾವಿಸಿ ಸ್ವೀಕರಿಸಬೇಕು.

ಮಹಾಜನರೇ, ಬೀಳ್ಕೊಡುಗೆಯ ಈ ವ್ಯಾಪಾರದಲ್ಲಿ ತಾಂಡ್ಯ ಹೊಸಬ. ಹಳೆಯ ಹುಲಿಗಳು ಬಾಸೆಲ್‌ನವರು. ಸ್ವಿಟ್ಜರ್ಲೆಂಡಿನ ಆ ಊರಿನಲ್ಲಿ 1815ರಲ್ಲಿ ಶುರುವಾದ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಿಗೂ ಹಾರ ತುರಾಯಿ ಆಗಿರಬೇಕು, ಪ್ರಾರ್ಥನೆ ಆಗಿರಬೇಕು. ಆದರೆ ಬಾಸೆಲ್‌ನವರ ನಿಜವಾದ ಜಾಣತನ ಕಂಡದ್ದು 1855ರಲ್ಲಿ, ಕಾರ್ಲ್ ಸರಸಿನ್ ಎಂಬ ಮಹನೀಯರು ಅರ್ಧ ಬಾಟ್ಸನ್ ವಂತಿಗೆಯನ್ನು ಹೂಡಿದಾಗ. ಅರ್ಧ ಬಾಟ್ಸನ್ ಎಂದರೆ ಐದು ರಾಪನ್, ಪುಡಿಗಾಸು. ಕೂಲಿಯವನ ಹೆಂಡತಿಯೂ ಕೊಡಬಹುದಾದಷ್ಟು. ಕಾಸು ಎತ್ತುವವರು ಪ್ರತಿ ವಾರ ಮನೆಮನೆಯ ಬಾಗಿಲಿಗೆ ಬಂದು ಅದನ್ನು ಈಸಿಕೊಳ್ಳುತ್ತಿದ್ದರು. ಸುಮ್ಮನೆ ಈಸಿಕೊಂಡು ಹೋಗುತ್ತಿರಲಿಲ್ಲ. ಮಂಗಳೂರು, ಧಾರವಾಡ, ಆಫ್ರಿಕದ ಸುದ್ದಿ ಅಚ್ಚಾದ ಹಾಳೆಯನ್ನು ಮನೆಯವರಿಗೆ ಕೊಟ್ಟು ಓದಿಸುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲೂ ದಕ್ಷಿಣ ಜರ್ಮನಿಯಲ್ಲೂ ಎಷ್ಟೋ ಅಡುಗೆಮನೆಗಳಲ್ಲಿ ಕನ್ನಡ ನಾಡಿನ ಊರುಗಳ ಹೆಸರು ಕೇಳಿಬಂದದ್ದು ಹೀಗೆ. ತಾಂಡ್ಯದ ಸಮಿತಿಯವರು ವಂತಿಗೆ ಎತ್ತಿದ್ದು ಒಂದೇ ಸಲ, ಅದೂ ಈ ಶಾಮಿಯಾನಕ್ಕೆ.

ಬಾಸೆಲ್‌ನವರಲ್ಲಿ ಎಲ್ಲವೂ ಹಾರ ಹಾಕುವಂಥದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪಾದ್ರಿ ಮದುವೆಯಾಗಬೇಕಾದರೆ ಬಾಸೆಲ್‌ನ ಕಮಿಟಿಯ ಒಪ್ಪಿಗೆ ಬೇಕು. ಎಷ್ಟೋ ಸಲ ಹೆಣ್ಣು ಹುಡುಕುವವರೂ ಅವರೇ, ಹಡಗು ಹತ್ತಿಸುವವರೂ ಅವರೇ. ಮುಂದೆ ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಬಾಸೆಲ್‌ನ ಮಕ್ಕಳ ಮನೆಗೆ ಕಳಿಸಿಕೊಡಬೇಕು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹೋದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಮಗುವಿನ ಹಲ್ಲು ಬಿದ್ದು ಹೊಸದು ಬಂದಿರುತ್ತಿತ್ತು. ಅಮ್ಮನವರು ದಯವಿಟ್ಟು ಗಾಬರಿಯಾಗಬಾರದು. ತಾಂಡ್ಯದ ಸಮಿತಿಗೆ ಇಂಥ ಅಧಿಕಾರ ಇನ್ನೂ ಬಂದಿಲ್ಲ.

ಅಯ್ಯನವರ ಹಾದಿಯಲ್ಲಿ ಮೊದಲು ಹೋದವರು ಹರ್ಮನ್ ಆನಂದರಾವ್ ಕೌಂಡಿನ್ಯರು. ಮಂಗಳೂರಿನ ಬ್ರಾಹ್ಮಣ ಯುವಕ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಎದ್ದ ಗದ್ದಲ ನೋಡಿದರೆ ಮನೆಯವರು ಹಾರ ಹಾಕಿ ಕಳಿಸಿಕೊಟ್ಟಿರಲಾರರು. ಹರ್ಮನ್ ಮೊಗ್ಲಿಂಗರು, ಅಂದರೆ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು, 1846ರಲ್ಲಿ ಅವರನ್ನು ಬಾಸೆಲ್‌ಗೆ ಕರೆದುಕೊಂಡು ಹೋದರು. ಐದು ವರ್ಷ ಅಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದ ಕೌಂಡಿನ್ಯರು ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಕೊಡಗಿನಲ್ಲಿ ಜೀತದಿಂದ ಬಿಡಿಸಿಕೊಂಡು ಬಂದವರಿಗಾಗಿ ಎದ್ದ ಆನಂದಪುರಕ್ಕೆ ಅವರದೇ ಹೆಸರು. ಅವರು ಹೋದದ್ದು ಓದಲು, ಈಗಿನವರು ಹೋಗುವುದು ಓದಿಸಲು. ನೂರೆಪ್ಪತ್ತೈದು ವರ್ಷಗಳಲ್ಲಿ ಇಷ್ಟಾದರೂ ಬದಲಾಗಿದೆ. ಈ ಮಾತಿಗೆ ಚಪ್ಪಾಳೆ ಬರಬೇಕಿತ್ತು.

ಮೈಸೂರು ಸೀಮೆಯಲ್ಲೇ ಇದ್ದವರು ಬೇಕೆನ್ನುವವರಿಗೆ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್ ಇದ್ದಾರೆ. ಫ್ರಾನ್ಸಿನ ಮಹಾಕ್ರಾಂತಿಯ ಗಲಭೆಯ ನಡುವೆ, 1792ರಲ್ಲಿ, ಮನೆ ಬಿಟ್ಟು ಹೊರಟವರು. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಈ ದೇಶದವರಂತೆ ಉಟ್ಟು ಉಂಡು, ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೆ ನಿಂತರು. 1803-04ರಲ್ಲಿ ದೇವಿ ಹಾಕಿಸಿಕೊಂಡವರ ಲೆಕ್ಕ 25,432. ಇಲ್ಲಿಯ ಜನರ ನಡೆನುಡಿಯ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಕ್ಕೆ ಕೊಂಡುಕೊಂಡಿತು. 1823ರಲ್ಲಿ ವಾಪಸಾದರು. ಹಾಗೆ ನೋಡಿದರೆ ಅವರಿಗೆ ಉತ್ತೇಜನ ಬಂದದ್ದು ಬಿಟ್ಟು ಬಂದ ಮನೆಯಿಂದಲ್ಲ, ಕೆಲಸ ಮಾಡಿಸಿಕೊಂಡವರ ಖಜಾನೆಯಿಂದ. ಬಿನ್ನವತ್ತಳೆ ಬರೆಯುವ ಸಮಿತಿಗಳಿಗೆ ಇದು ಅಷ್ಟು ಹಿತವಾದ ಸಂಗತಿಯಲ್ಲ. ಆದ್ದರಿಂದ ಬೇಗ ಮುಂದಕ್ಕೆ ಹೋಗೋಣ.

ಮುಂದಕ್ಕೆ ಎಂದರೆ ಬೇಡಿಕೆಗಳ ಕಡೆಗೆ. ಹರಸಿದವರಿಗೆಲ್ಲ ಒಂದೊಂದು ಬೇಡಿಕೆ ಇದೆ. ಕನ್ನಡ ಮೇಷ್ಟರದು ನ್ಯಾಯವಾದದ್ದು: ಫರ್ಡಿನೆಂಡ್ ಕಿಟ್ಟೆಲ್ ಮಣ್ಣಾಗಿರುವುದು ಟ್ಯೂಬಿಂಗೆನ್‌ನಲ್ಲಿ, ಅಲ್ಲಿ ಒಂದು ಹೂ ಇಟ್ಟು ಬರಬೇಕು. ಎಪ್ಪತ್ತು ಸಾವಿರದಷ್ಟು ಶಬ್ದಗಳ ನಿಘಂಟನ್ನು 1894ರಲ್ಲಿ ಕೈಗಿಟ್ಟ ಮನುಷ್ಯನಿಗೆ ಇಷ್ಟಾದರೂ ಸಲ್ಲಬೇಕು. ಉಳಿದವು ಹೀಗಿವೆ: ಒಬ್ಬರ ಅಣ್ಣನ ಮಗನಿಗೆ ಶುಲ್ಕವಿಲ್ಲದ ಎಂಜಿನಿಯರಿಂಗ್ ಸೀಟು, ಇನ್ನೊಬ್ಬರ ಮೊಣಕಾಲಿಗೆ ಮುಲಾಮು, ಮೂವರಿಗೆ ಚಾಕೊಲೇಟು, ಕಾರ್ಯದರ್ಶಿಯವರಿಗೆ ಒಂದು ಆಹ್ವಾನ ಪತ್ರ. ಪಕ್ಕದ ಬೀದಿಯ ಹಿರಿಯರೊಬ್ಬರು, ಇದೇ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠಕ್ಕೆ ಅಮೆರಿಕದ ಮೇರಿಲ್ಯಾಂಡಿನಲ್ಲಿ ಕೇಂದ್ರವೇ ಇದೆ, ನಿಮ್ಮವರು ಎರಡು ತಿಂಗಳಿಗೆ ಇಷ್ಟು ಸಡಗರ ಮಾಡುತ್ತೀರಲ್ಲ ಎಂದು ಕೇಳಿದ್ದಾರೆ. ಸಮಿತಿ ಅವರನ್ನು ಊಟಕ್ಕೆ ಕರೆದಿದೆ.

ದಿನಾ ಫೋನು ಮಾಡುತ್ತೇವೆ ಎಂದು ಭರವಸೆ ಕೊಟ್ಟವರಿಗೆ ಒಂದು ಸೂಚನೆ. ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ಇಲ್ಲಿಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಬೆಳಗಿನ ಪಾಳಿಗೆ ಬಸ್ಸು ಹತ್ತುವ ಮುಂಚೆ, ಐದೂವರೆಗೆ, 'ಅಯ್ಯನೋರೇ, ಊಟ ಆಯ್ತಾ?' ಎಂದು ಕೇಳಿದರೆ ಅಲ್ಲಿ ನಡುರಾತ್ರಿ ಎರಡು ಗಂಟೆ. ಪ್ರೀತಿಗೆ ಹೊತ್ತಿಲ್ಲ, ನಿಜ. ಬೆಳಗ್ಗೆ ಎಂಟಕ್ಕೆ ತರಗತಿಯಲ್ಲಿ ನಿಲ್ಲಬೇಕಾದವರಿಗೆ ಇದೆ.

ಇಷ್ಟೆಲ್ಲ ಆದ ಮೇಲೆ ಅಮ್ಮನವರು ಸಮಿತಿಯ ಕೈಗೆ ಒಂದು ಹಾಳೆ ಕೊಟ್ಟಿದ್ದಾರೆ. ಹಾರ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ ಅದು ಕಣ್ಣಿಗೆ ಬೀಳಲಿಲ್ಲ. ಈಗ ಓದಲಾಗುತ್ತದೆ. ಅಯ್ಯನವರು ಇಲ್ಲದ ಒಂಬತ್ತು ಭಾನುವಾರಗಳ ಆರಾಧನೆ ನಡೆಸುವವರು ಯಾರು? ಆಸ್ಪತ್ರೆಯಲ್ಲಿ ಮಲಗಿರುವ ಇಬ್ಬರನ್ನು ವಾರಕ್ಕೊಮ್ಮೆ ನೋಡಿಕೊಂಡು ಬರುವವರು ಯಾರು? ಸಾವಾದರೆ ಯಾರಿಗೆ ಫೋನು ಮಾಡಬೇಕು? ಸಭಾಮನೆಯ ಕರೆಂಟ್ ಬಿಲ್ಲು ತಿಂಗಳ ಎಷ್ಟನೇ ತಾರೀಕಿಗೆ ಬರುತ್ತದೆಂದು ಅಯ್ಯನವರನ್ನು ಬಿಟ್ಟು ಬೇರೆ ಯಾರಿಗಾದರೂ ಗೊತ್ತಿದೆಯೆ? ಮಳೆಗೆ ಸೋರುವ ಮೂಲೆಯ ಹೆಂಚು ಬದಲಿಸುವುದು ಯಾವಾಗ?

ವಿಮಾನ ನಿಲ್ದಾಣಕ್ಕೆ ಬಿಟ್ಟುಬರಲು ಹೆಸರು ಕೊಟ್ಟವರು ಹತ್ತೊಂಬತ್ತು ಮಂದಿ. ಗಾಡಿಯಲ್ಲಿ ಏಳು ಸೀಟು. ಭಾನುವಾರಗಳಿಗೆ ಹೆಸರು ಬಂದಿರುವುದು ಇಬ್ಬರದು, ಅದರಲ್ಲಿ ಒಬ್ಬರಿಗೆ ಆ ವಾರ ಎರಡನೇ ಪಾಳಿ. ಆದ್ದರಿಂದ ಸಮಿತಿಯ ತೀರ್ಮಾನ ಇಷ್ಟು: ಪಟ್ಟಿಯಲ್ಲಿ ಒಂದಾದರೂ ಭಾನುವಾರ ಹಿಡಿದವರಿಗೆ ಗಾಡಿಯಲ್ಲಿ ಮೊದಲ ಹಕ್ಕು. ಪಟ್ಟಿ ಕೊನೆಯ ಸಾಲಿನಿಂದ ಮುಂದಕ್ಕೆ ಬರುತ್ತದೆ, ಏಕೆಂದರೆ ಮೊದಲ ಸಾಲಿನವರು ಊಟದ ವಾಸನೆಗೆ ಆಗಲೇ ಎದ್ದು ನಿಂತಿದ್ದಾರೆ. ಹೆಸರಿನ ಮುಂದೆ ಫೋನ್ ನಂಬರು ಬರೆಯಬೇಕು. ಪೆನ್ನು ಖಜಾಂಚಿಯವರದು, ವಾಪಸು ಕೊಡಬೇಕಾಗಿ ವಿನಂತಿ.