ಆನಂದವನದಲ್ಲಿ ಮನರಂಜನೆ ನಿಷಿದ್ಧ

ನಮ್ಮ ಮದುವೆಗಳಲ್ಲಿ ವರ ಕಾಶಿಗೆ ಹೊರಡುತ್ತಾನೆ. ಹೆಗಲಿಗೆ ಶಲ್ಯ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು, ಕಾಲಿಗೆ ಹೊಸ ಚಪ್ಪಲಿ. ಸಂಸಾರ ಬೇಡ, ಕಾಶಿಗೆ ಹೋಗಿ ವಿದ್ಯೆ ಕಲಿಯುತ್ತೇನೆ ಎಂಬುದು ಅವನ ಘೋಷಣೆ. ಛತ್ರದ ಬಾಗಿಲ ಕಡೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ಕಡೆಯವರು ಅಡ್ಡ ಬಂದು, ಹಿಂದಿರುಗಿ, ಮಗಳನ್ನು ಕೊಡುತ್ತೇವೆ ಎನ್ನುತ್ತಾರೆ. ಹಾಗೆ ಹೊರಟವರಲ್ಲಿ ಒಬ್ಬನಾದರೂ ಕೊಡೆ ಹಿಡಿದು ವಾರಾಣಸಿಯ ರೈಲು ಹತ್ತಿದ ಸುದ್ದಿ ಇಲ್ಲ. ಹೊರಟವನಿಗೂ ಗೊತ್ತು, ತಡೆದವರಿಗೂ ಗೊತ್ತು, ವಿಡಿಯೊದವನಿಗಂತೂ ಇನ್ನೂ ಚೆನ್ನಾಗಿ ಗೊತ್ತು: ಇದು ಕಾಶಿಯಾತ್ರೆಯ ಸಿಮ್ಯುಲೇಶನ್. ಆದರೂ ಆ ಮಾತು ಆಡಿಯೇ ತೀರಬೇಕು, ಆಡದಿದ್ದರೆ ಮುಂದಿನ ಶಾಸ್ತ್ರಕ್ಕೆ ದಾರಿಯಿಲ್ಲ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸಿಗಳ ಪಾಡೂ ಇದೇ. ಅವರ ಮುಂದೆಯೂ ಒಂದು ಬಾಗಿಲು, ಬಾಗಿಲಲ್ಲಿ ಒಂದು ಕರಾರುಪತ್ರ, ಪತ್ರದ ಬುಡದಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿ. ಒಪ್ಪಿದ್ದು ಏನನ್ನು ಎಂದು ಓದಿದವರು ಕಡಿಮೆ. ಓದಿದವರು ಕೊಡೆ ಹಿಡಿದ ವರನ ಮುಖ ಮಾಡಿಕೊಂಡು ಗುಂಡಿ ಒತ್ತುತ್ತಾರೆ.

ಈ ಹವ್ಯಾಸವನ್ನು ಹುಡುಗರ ವಿಡಿಯೊ ಗೇಮ್ ಎಂದುಕೊಳ್ಳುವವರಿದ್ದಾರೆ. ಗೇಮ್ ಎಂದಮೇಲೆ ಗುಂಡು ಹಾರಬೇಕು, ಅಂಕ ಏರಬೇಕು, ಏನಾದರೂ ಆಗುತ್ತಿರಬೇಕು. ಇಲ್ಲಿ ಏನೂ ಆಗದಿರುವುದೇ ಸಾಧನೆ. ಬೆಂಗಳೂರಿನಿಂದ ವಾರಾಣಸಿಗೆ ಆಕಾಶದ ದಾರಿ ಸುಮಾರು 1,450 ಕಿ.ಮೀ. ನಿಜವಾದ ವಿಮಾನಕ್ಕೆ ಎರಡೂವರೆ ಗಂಟೆ ಹಿಡಿದರೆ ಕುರ್ಚಿಯ ಮೇಲಿನ ವಿಮಾನಕ್ಕೂ ಅಷ್ಟೇ ಹಿಡಿಯುತ್ತದೆ, ಹಿಡಿಯದಿದ್ದರೆ ಹವ್ಯಾಸಿಗೆ ಸಮಾಧಾನವಿಲ್ಲ. ಹೊರಡುವ ಮುನ್ನ ಗಾಳಿಯ ದಿಕ್ಕು ನೋಡಬೇಕು, ಇಂಧನದ ಲೆಕ್ಕ ಹಾಕಬೇಕು, ಚೆಕ್‌ಲಿಸ್ಟನ್ನು ಸತ್ಯನಾರಾಯಣ ಕಥೆಯ ಹಾಗೆ ಒಂದಧ್ಯಾಯವೂ ಬಿಡದೆ ಓದಬೇಕು. ಕೃಷ್ಣೆ ದಾಟಿ, ಗೋದಾವರಿ ದಾಟಿ, ಅಡುಗೆಮನೆಯಿಂದ 'ತಟ್ಟೆ ಹಾಕಿದೀನಿ' ಎಂಬ ಕರೆ ಎರಡು ಸಲ ಬಂದರೂ 'ಇಳೀತಾ ಇದೀನಿ, ಇರು' ಎಂದು ಉತ್ತರಿಸಿ, ಬಾಬತ್‌ಪುರದ ಲಾಲ್ ಬಹಾದೂರ್ ಶಾಸ್ತ್ರಿ ವಿಮಾನ ನಿಲ್ದಾಣದ 2,745 ಮೀಟರ್ ರನ್‌ವೇ ಮೇಲೆ ಚಕ್ರ ಊರಬೇಕು. ಚಪ್ಪಾಳೆ ಇಲ್ಲ, ಸಂಬಳ ಇಲ್ಲ, ಗಂಗಾಸ್ನಾನವೂ ಇಲ್ಲ. ಕಾಶಿಯಲ್ಲಿ ಸತ್ತವರಿಗೆ ಮುಕ್ತಿ ಎನ್ನುತ್ತಾರೆ. ಇಲ್ಲಿ ಬಿದ್ದವರಿಗೆ ತಕ್ಷಣ ಪುನರ್ಜನ್ಮ, ಅದೂ ರನ್‌ವೇ ತುದಿಯಲ್ಲೇ, ತುಂಬಿದ ಟ್ಯಾಂಕಿನ ಸಮೇತ. ವೃತ್ತಿ ನಾಟಕ ಕಂಪನಿ, ಹವ್ಯಾಸಿ ತಂಡ ಎಂಬ ಭೇದ ಕನ್ನಡಿಗರಿಗೆ ಹೊಸದಲ್ಲ. ಹವ್ಯಾಸಿ ಎಂದರೆ ಕೂಲಿಯಿಲ್ಲದೆ ದುಡಿಯುವವನು, ಹಾಗಾಗಿ ವೃತ್ತಿಯವನಿಗಿಂತ ತುಸು ಹೆಚ್ಚೇ ಗಂಭೀರವಾಗಿರುವವನು.

ಇಂಥ ಗಂಭೀರ ಮನುಷ್ಯನನ್ನು ಸುಳ್ಳುಗಾರನನ್ನಾಗಿ ಮಾಡಿದ ಕರಾರಿನ ಕಥೆ ಒಂದು ಪಾಲುಪಟ್ಟಿಯಿಂದ ಶುರುವಾಗುತ್ತದೆ. ಬ್ರೂಸ್ ಆರ್ಟ್‌ವಿಕ್ ಆ್ಯಪಲ್ ಕಂಪ್ಯೂಟರಿಗೆಂದು ಬರೆದ ವಿಮಾನದ ಆಟವೇ ಮುಂದೆ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಯಿತು. ಕಾಲು ಶತಮಾನ ಹಾರಿದ ಮೇಲೆ, 2009ರಲ್ಲಿ, ಮೈಕ್ರೋಸಾಫ್ಟ್ ಅದನ್ನು ಬರೆಯುವ ತಂಡವನ್ನೇ ಮುಚ್ಚಿತು. ಅದೇ ಮೂಲದ ವೃತ್ತಿಪರ ಬಳಕೆಯ ಹಕ್ಕನ್ನು ಪಡೆದವರು ಯುದ್ಧವಿಮಾನ ಕಟ್ಟುವ ಲಾಕ್‌ಹೀಡ್ ಮಾರ್ಟಿನ್‌ನವರು. ಮನರಂಜನೆಯ ಹಕ್ಕು ಮಾತ್ರ ಮೈಕ್ರೋಸಾಫ್ಟ್ ಪೆಟ್ಟಿಗೆಯಲ್ಲೇ ಉಳಿಯಿತು, 2014ರಲ್ಲಿ ಅದನ್ನು ಬೇರೊಂದು ಕಂಪನಿಗೆ ವಹಿಸಿದ್ದೂ ಆಯಿತು. ಅಣ್ಣನಿಗೆ ಮಾವಿನ ಮರ, ತಮ್ಮನಿಗೆ ಅದರ ನೆರಳು ಎಂದು ಪಾಲು ಮಾಡಿದ ಹಾಗೆ. ಲಾಕ್‌ಹೀಡ್ 2010ರಲ್ಲಿ ಹೊರತಂದ ತಂತ್ರಾಂಶಕ್ಕೆ ಪ್ರಿಪೇರ್‌3ಡಿ ಎಂದು ಹೆಸರು, ಬಾಯಲ್ಲಿ 'ಪ್ರಿಪೇರ್ಡ್'. ವೈಯಕ್ತಿಕ ಮನರಂಜನೆಯ ಸರಕಾಗಿ ಇದನ್ನು ಮಾರಕೂಡದು, ಬಳಸಕೂಡದು ಎಂಬ ಷರತ್ತು ಅದರ ಕರಾರಿನಲ್ಲಿ ಕೂತಿತು. ಶಾಲೆಯಿಂದ ಪದವಿಯವರೆಗಿನ ವಿದ್ಯಾರ್ಥಿಗಳಿಗೆ ಸುಮಾರು 60 ಡಾಲರಿನ ಪ್ರತಿ, ಉಳಿದವರಿಗೆ ಸುಮಾರು 200 ಡಾಲರಿನ ವೃತ್ತಿಪರ ಪ್ರತಿ. ಖುಷಿಗೆ ಹಾರಿಸುವವರಿಗೆ ಪ್ರತಿಯೇ ಇಲ್ಲ! ಹಾಗೆಂದು ಅವರು ಸುಮ್ಮನಿದ್ದರೆ? ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿನವರೂ ಜಗತ್ತಿನಾದ್ಯಂತ ದಿಢೀರನೆ ವಿದ್ಯಾರ್ಥಿಗಳಾದರು. ಕಲಿಯುವುದಕ್ಕೆ ಕಾಶಿಗೆ ಹೊರಟೆವು ಎಂದರು. ಅಡ್ಡ ಬಂದು ತಡೆಯುವ ಮಾವ ಮಾತ್ರ ಇರಲಿಲ್ಲ.

ಕಾಶಿಯ ಘಾಟಿನ ಮೇಲೆ ಕೂತು ನೋಡಿದರೆ ಈ ಷರತ್ತು ಇನ್ನೂ ತಮಾಷೆಯಾಗಿ ಕಾಣುತ್ತದೆ. ಮೈಸೂರು ಸಂಸ್ಥಾನದ ಹೆಸರು ಹೊತ್ತಿದ್ದು ಈಗ ಕರ್ನಾಟಕ ಘಾಟ್ ಎನಿಸಿಕೊಂಡಿರುವ ಮೆಟ್ಟಿಲಾಗಲಿ, ಜನಜಂಗುಳಿಯ ದಶಾಶ್ವಮೇಧವಾಗಲಿ, ನೀರಿಗಿಳಿಯುವ ಮುನ್ನ ಪುರೋಹಿತರು ಸಂಕಲ್ಪ ಹೇಳಿಸುತ್ತಾರೆ. ಕಾಲ, ದೇಶ, ಗೋತ್ರ, ನಕ್ಷತ್ರ, ಹೆಸರು, ಕೊನೆಗೆ ಉದ್ದೇಶ. ಯಾತ್ರಿಕ ಅರ್ಥವಾಗದ ಸಂಸ್ಕೃತವನ್ನು ತುಂಡುತುಂಡಾಗಿ ಒಪ್ಪಿಸುತ್ತಾ ಹೋಗುತ್ತಾನೆ, ಗುಂಡಿ ಒತ್ತುವವನ ಹಾಗೆಯೇ. ಲೈಸೆನ್ಸ್ ಕರಾರು ಕೇಳುವುದೂ ಇಷ್ಟನ್ನೇ: ಯಾವ ದೇಶ, ಏನು ಹೆಸರು, ಏತಕ್ಕಾಗಿ. (ಗೋತ್ರ ಕೇಳುವುದಿಲ್ಲ, ಅದನ್ನು ಅದು ಬೇರೆ ದಾರಿಯಲ್ಲಿ ತಿಳಿದುಕೊಳ್ಳುತ್ತದೆ.) ಆದರೆ ಮೇ ತಿಂಗಳ ಬನಾರಸಿನ ಬಿಸಿಲಲ್ಲಿ ಗಂಗೆಗೆ ಮುಳುಗಿದವನಿಗೆ ಪುಣ್ಯದ ಜೊತೆ ಒಂದಿಷ್ಟು ತಂಪೂ ದಕ್ಕುತ್ತದೆ. ತಂಪು ದಕ್ಕಿತೆಂಬ ಕಾರಣಕ್ಕೆ ಪುಣ್ಯವನ್ನು ವಾಪಸು ಪಡೆಯುವ ಶಾಸ್ತ್ರ ಯಾವ ಪಂಡನ ಬಳಿಯೂ ಇಲ್ಲ. ಪುರಾಣಗಳು ಈ ಊರಿಗೆ ಕೊಟ್ಟ ಹೆಸರುಗಳಲ್ಲಿ ಒಂದು ಆನಂದವನ. ಆನಂದವನದ ಮೇಲೆ ಹಾರುತ್ತಾ ಆನಂದಪಡಬಾರದು ಎಂದು ಬರೆಯುವುದಕ್ಕೆ ಸಮುದ್ರದಾಚೆಯ ವಕೀಲರೇ ಬೇಕಾಯಿತು.

ನನ್ನ ವಾದ ಇಷ್ಟೆ. ತಂತ್ರಾಂಶದ ಕರಾರು ಕೇಳಬೇಕಾದದ್ದು ಬಳಕೆದಾರನಿಗೆ ದುಡ್ಡು ಹುಟ್ಟುತ್ತದೆಯೇ ಎಂದು, ಖುಷಿ ಹುಟ್ಟುತ್ತದೆಯೇ ಎಂದಲ್ಲ. ದುಡ್ಡಿಗೆ ರಸೀದಿ ಇರುತ್ತದೆ. ಖುಷಿಗೆ ಎಲ್ಲಿಯ ರಸೀದಿ? ಪೈಲಟ್ ತರಬೇತಿಯ ಹುಡುಗಿಯೊಬ್ಬಳು ಬಾಬತ್‌ಪುರಕ್ಕೆ ಅಚ್ಚುಕಟ್ಟಾಗಿ ಇಳಿದು ನಕ್ಕಳು ಎನ್ನಿ, ಆ ಕ್ಷಣಕ್ಕೆ ಅವಳ ಲೈಸೆನ್ಸ್ ರದ್ದಾಯಿತೇ? ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಅದೇ ಇಳಿತವನ್ನು ಹನ್ನೊಂದು ಸಲ ಕೆಡಿಸಿಕೊಂಡು ಬೆವರು ಒರೆಸಿಕೊಂಡರೆ ಅದನ್ನು ಮನರಂಜನೆ ಎನ್ನುವ ಧೈರ್ಯ ಯಾರಿಗಿದೆ? ಹಣವನ್ನೇ ಕೇಳುವ ಕರಾರು ಕಟ್ಟುಕಥೆಯೂ ಅಲ್ಲ. ಆಸ್ಟಿನ್ ಮೇಯರ್ ಕಟ್ಟಿದ ಎಕ್ಸ್-ಪ್ಲೇನ್‌ನವರು ಮನೆಯವರಿಗೆ ಸಾಮಾನ್ಯ ಪ್ರತಿ ಮಾರುತ್ತಾರೆ, ಅದನ್ನಿಟ್ಟುಕೊಂಡು ವ್ಯವಹಾರ ಮಾಡುವವರಿಗೆ ಬೇರೆಯೇ ಆದ ಯುಎಸ್‌ಬಿ ಕೀಲಿ ಮಾರುತ್ತಾರೆ. ಕೀಲಿ ಚುಚ್ಚಿದರೆ ಕಸುಬು, ಚುಚ್ಚದಿದ್ದರೆ ಶೋಕಿ. ನಮ್ಮ ಕಾನೂನಿಗೂ ಈ ವಿವೇಕ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ನ್ಯಾಯವಾಗಿ ಪಡೆದ ಪ್ರತಿಯಿಂದ ಸ್ವಂತದ, ವ್ಯಾಪಾರವಲ್ಲದ ಬಳಕೆಗೆ ತಂತ್ರಾಂಶವನ್ನು ನಕಲು ಮಾಡಿಕೊಳ್ಳುವುದನ್ನೂ ಮಾರ್ಪಡಿಸಿಕೊಳ್ಳುವುದನ್ನೂ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಕದ್ದ ಪ್ರತಿಯೆಂದು ಗೊತ್ತಿದ್ದೂ ಬಳಸಿದವರಿಗೆ 63ಬಿ ಕಲಂ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಅಲ್ಲೂ ಲಾಭಕ್ಕೋ ವ್ಯಾಪಾರಕ್ಕೋ ಬಳಸಿರದಿದ್ದರೆ ಸೆರೆ ಬಿಟ್ಟು 50,000ದ ಒಳಗಿನ ದಂಡದಲ್ಲೇ ಮುಗಿಸುವ ಅವಕಾಶ ನ್ಯಾಯಾಲಯಕ್ಕಿದೆ. ಅಪರಾಧಿ ಆ ತಂತ್ರಾಂಶದಿಂದ ಎಷ್ಟು ನಕ್ಕ ಎಂದು ಕೇಳುವ ಉಪಕಲಂ ಮಾತ್ರ ಎಲ್ಲೂ ಇಲ್ಲ.

ಮನೆ ನನ್ನದು, ಬಾಡಿಗೆ ಕರಾರೂ ನನ್ನದು, ಮೀನು ಬೇಯಿಸಬೇಡಿ ಎಂದರೆ ಬೇಯಿಸಬಾರದು ಎನ್ನುವವರಿಗೆ ಉತ್ತರ ಹೇಳಲೇಬೇಕು. ಮಾಲೀಕರ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಬೆಂಗಳೂರಿನ ಕಂಪನಿಯೊಂದರ ಹೆಸರಿನಲ್ಲಿ ಹೋದ ತೆರಿಗೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರ ಮಾರ್ಚ್ 2ರಂದು, ಇಂಥ ಕರಾರಿನಲ್ಲಿ ಕೊಂಡವರಿಗೆ ಸಿಗುವುದು ಪ್ರತಿಯೊಂದರ ಬಳಕೆಯೇ ಹೊರತು ಕೃತಿಸ್ವಾಮ್ಯ ಅಲ್ಲ ಎಂದೇ ಹೇಳಿದೆ. ಸರಿ, ಮೀನು ಬೇಡ ಎನ್ನಲಿ. ವಾಸನೆ ಬಂದರೆ ತಿಳಿಯುತ್ತದೆ. ಆದರೆ ಊಟ ಮಾಡಿ, ರುಚಿ ಹತ್ತಿಸಿಕೊಳ್ಳಬೇಡಿ ಎನ್ನುವ ಷರತ್ತನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ನೋಡುವುದು ಹೇಗೆ? ನೋಡಲಾಗದ ಷರತ್ತು ಕಾಯುವುದು ಪ್ರಾಮಾಣಿಕನೊಬ್ಬನನ್ನೇ. ಅವನು 'ಮನರಂಜನೆಗೆ' ಎಂದು ನಿಜ ನುಡಿದು ಹೊರಗೆ ನಿಲ್ಲುತ್ತಾನೆ, ಉಳಿದವರು ಕೊಡೆ ಹಿಡಿದು ಒಳಗೆ ಹೋಗುತ್ತಾರೆ. ಹವ್ಯಾಸಿಗಳಿಗೆ ಬಾಗಿಲು ತೆರೆದರೆ ಹಾರಾಟದ ಶಾಲೆಗಳೂ ಅಗ್ಗದ ಪ್ರತಿಯಲ್ಲೇ ನುಸುಳುತ್ತವೆ ಎಂಬ ಭಯಕ್ಕೆ ಹುರುಳಿದೆ. ಶಾಲೆಗಾದರೋ ಡಿಜಿಸಿಎ ಮಾನ್ಯತೆ ಬೇಕು, ಮಾನ್ಯವಲ್ಲದ ಯಂತ್ರದ ಗಂಟೆಗಳು ಲಾಗ್‌ಬುಕ್ಕಿನಲ್ಲಿ ಎಣಿಕೆಗೆ ಬರುವುದಿಲ್ಲ. ಅವರು ಸಿಕ್ಕಿಬೀಳಲು ಎಷ್ಟೋ ದಾರಿಗಳಿವೆ. ಕಳ್ಳಪ್ರತಿಯ ವಿಷಯಕ್ಕೆ ಬಂದರೆ ನಾನು ಹವ್ಯಾಸಿಗಳ ವಕೀಲ ಅಲ್ಲ, ಜಾಯ್‌ಸ್ಟಿಕ್ಕಿಗೆ ಸಾವಿರಗಟ್ಟಲೆ ಸುರಿಯುವವರು ತಂತ್ರಾಂಶಕ್ಕೂ ಕೊಡಲಿ. ಆದರೆ ಮಾರುವವರ ಸಿಟ್ಟಿಗೂ ಮಿತಿ ಬೇಕು. 2018ರಲ್ಲಿ ಫ್ಲೈಟ್ ಸಿಮ್ ಲ್ಯಾಬ್ಸ್ ಎಂಬ ಕಂಪನಿ ತನ್ನ ಎ320 ವಿಮಾನದ ಇನ್‌ಸ್ಟಾಲರಿನೊಳಗೆ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಎತ್ತುವ ಫೈಲೊಂದನ್ನು ಸೇರಿಸಿತ್ತು. ಕದ್ದವರನ್ನು ಹಿಡಿಯಲು ಎಂಬುದು ಅದರ ಸಮಜಾಯಿಷಿ. ಫೈಲು ಮಾತ್ರ ದುಡ್ಡು ಕೊಟ್ಟು ಕೊಂಡವರ ಕಂಪ್ಯೂಟರಿಗೂ ಬಂದು ಕೂತಿತ್ತು. ಬೈಗುಳ ತಾಳಲಾರದೆ ತೆಗೆದುಹಾಕಿದರು.

ಇಷ್ಟಾಗಿಯೂ, ಪರದೆಯ ಮೇಲಿನ ಕಾಶಿ ಕಾಶಿಯೇ ಅಲ್ಲ, ನಕಲಿಗೆ ಇಷ್ಟೊಂದು ನ್ಯಾಯ ಯಾಕೆ ಎನ್ನುವವರು ಕಾಶಿಯನ್ನು ಸರಿಯಾಗಿ ನೋಡಿಲ್ಲ. ಐದು ದಿನ ನಡೆದು ಪಂಚಕ್ರೋಶಿ ಸುತ್ತಲಾಗದವರಿಗೆಂದು ಊರ ನಡುವೆಯೇ ಪಂಚಕ್ರೋಶಿ ಮಂದಿರ ಇದೆ. ದಾರಿಯ ದೇವರುಗಳೆಲ್ಲ ಅದರ ಗೋಡೆಯ ಮೇಲೆ ಸಾಲಾಗಿ ಕೂತಿದ್ದಾರೆ, ಒಂದು ಸುತ್ತು ಬಂದರೆ ಯಾತ್ರೆ ಮುಗಿಯಿತು. ನಂಜನಗೂಡನ್ನು ನಾವು ದಕ್ಷಿಣ ಕಾಶಿ ಎಂದು ಕರೆದಾಗ ಮೂಲ ಕಾಶಿಯಿಂದ ನೋಟಿಸ್ ಬರಲಿಲ್ಲ. ಬೂದುಗುಂಬಳಕ್ಕೆ ಸಕ್ಕರೆ ಸುರಿದು ಕಾಶಿ ಹಲ್ವ ಎಂದಾಗಲೂ ಬರಲಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕಾಶಿ ವಿದ್ಯಾಪೀಠದ ಆವರಣದ ಭಾರತ ಮಾತಾ ಮಂದಿರ. ಶಿವಪ್ರಸಾದ ಗುಪ್ತರು ಕಟ್ಟಿಸಿದ, 1936ರಲ್ಲಿ ಗಾಂಧೀಜಿ ಉದ್ಘಾಟಿಸಿದ ಈ ಗುಡಿಯಲ್ಲಿ ವಿಗ್ರಹ ಇಲ್ಲ. ನೆಲದ ಮೇಲೆ ಅಮೃತಶಿಲೆಯಲ್ಲಿ ಕೊರೆದ ಅವಿಭಜಿತ ಭಾರತ: ಹಿಮಾಲಯ ಉಬ್ಬಿದೆ, ನದಿಗಳು ತಗ್ಗಿವೆ, ಸುತ್ತ ಸಮುದ್ರ. ಮಹಡಿಯ ಕಟಕಟೆ ಹಿಡಿದು ಬಗ್ಗಿ ನೋಡಿದರೆ ಎತ್ತರದ ವಿಮಾನದ ಕಿಟಕಿಯಿಂದ ದೇಶ ನೋಡಿದಂತೆಯೇ. ಭೂಗೋಳ ಕಲಿಯಲು ಬಂದವರು, ಕೈ ಮುಗಿಯಲು ಬಂದವರು, ಸೆಕೆಗೆ ಒಳಗೆ ನುಗ್ಗಿದವರು, ಎಲ್ಲರಿಗೂ ಒಂದೇ ಬಾಗಿಲು.

ಕಂಪ್ಯೂಟರಿನಲ್ಲೂ ಅಂಥದೊಂದು ಬಾಗಿಲಿದೆ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರನ್ನು 1990ರ ದಶಕದಿಂದ ಹವ್ಯಾಸಿಗಳೇ ಕೂಡಿ ಬರೆಯುತ್ತಿದ್ದಾರೆ. ಜಿಪಿಎಲ್ ಲೈಸೆನ್ಸಿನದು, ಕಾಸು ಬೇಡ. ಕಲಿಯಿರಿ, ಕಲಿಸಿರಿ, ಬಿಚ್ಚಿ ಜೋಡಿಸಿರಿ, ಬೇಕಿದ್ದರೆ ಮಾರಿರಿ, ಮೂಲ ಸಂಕೇತ ಮಾತ್ರ ಬಚ್ಚಿಡಬೇಡಿ ಎನ್ನುತ್ತದೆ ಅದರ ಕರಾರು. ಏತಕ್ಕೆ ಹಾರಿಸುತ್ತೀರಿ ಎಂದು ಕೇಳುವುದಿಲ್ಲ. ಬಾಬತ್‌ಪುರ ಅದರಲ್ಲೂ ಇದೆ. ಬೆಳಗಿನ ಹೊತ್ತು ಹೋಗುವವರು ಒಂದು ನೆನಪಿಟ್ಟುಕೊಳ್ಳಿ: ಅಲ್ಲಿನ 09ನೇ ರನ್‌ವೇ ನೇರ ಪೂರ್ವಕ್ಕಿದೆ, ಇಳಿಯುವಾಗ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ.