ಅನಿಲ ಪ್ರಸಂಗ

ಕೊಳವೆಯ ಅನಿಲವು ಪಕ್ಕದ ಬಡಾವಣೆಯವರೆಗೆ ದಯಮಾಡಿಸಿ ಅಲ್ಲಿಯೇ ವಿಶ್ರಮಿಸುತ್ತಿದ್ದ ಕಾರಣ, ಬೆಂಗಳೂರಿನ ಆ ವಠಾರಕ್ಕೆ ಹೊಸದಾಗಿ ಬಂದ ಬಾಡಿಗೆದಾರನು ಯಜಮಾನರ ಸನ್ನಿಧಿಯಲ್ಲಿ ವಿನೀತನಾಗಿ ಅರಿಕೆ ಮಾಡಿಕೊಂಡನು:

“ಸ್ವಾಮಿ, 14.2 ಕಿಲೋ ಸಿಲಿಂಡರಿನ ಸಂಪರ್ಕಕ್ಕೆ ವಿಳಾಸದ ದಾಖಲೆ ಬೇಕಂತೆ, ಕರಾರುಪತ್ರವೊಂದನ್ನು ದಯಪಾಲಿಸಬೇಕು.”

“ಕರಾರುಪತ್ರವೇ? ನಮ್ಮದು ಕೇವಲ ವಿಶ್ವಾಸದ ವ್ಯವಹಾರವಯ್ಯಾ!”

“ಹಾಗಾದರೆ ಹತ್ತು ತಿಂಗಳ ಮುಂಗಡ?”

“ಅದು ಸಂಪ್ರದಾಯ. ಗುರುತಿನ ಚೀಟಿ ತೋರಿಸಿದರೆ, ವಿಳಾಸ ಕೇಳದೆ 5 ಕಿಲೋದ ಪುಟ್ಟ ಸಿಲಿಂಡರು ಕೊಡುತ್ತಾರೆ, ತಂದುಕೊಳ್ಳಯ್ಯಾ.”

“ತಂದೇನು, ಆದರೆ ಈ ಅನಿಲವು ಗಾಳಿಗಿಂತ ಭಾರವಾದುದರಿಂದ, ಸೋರಿದರೆ ಮೇಲೇರದೆ ನೆಲದಲ್ಲಿಯೇ ನೆಲಸುವುದು, ತಮ್ಮ ಅಡುಗೆಮನೆಗಾದರೋ ಕಿಟಕಿಯೇ ಇಲ್ಲ.”

ಯಜಮಾನರು ದೀರ್ಘವಾಗಿ ಆಲೋಚಿಸಿ, ಗಂಭೀರವದನರಾಗಿ ನುಡಿದರು:

“ನೆಲದಲ್ಲಿ ನೆಲಸುವುದೇ? ಹಾಗಿದ್ದರೆ ಅದಕ್ಕೂ ಪ್ರತ್ಯೇಕ ಬಾಡಿಗೆಯಾಗುತ್ತದಲ್ಲಯ್ಯಾ!”